ತಗಡು ತಂಡದ ಎರಡನೇ ಕ್ಯಾಸೆಟ್

ಪವಿತ್ರ ಬೂಕನಕೆರೆಯ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುತ್ತಿದ್ದಳು. ಭಾನುವಾರ ಬೆಳಗಿನ ಹಾಲು ಮುಗಿದ ಕೂಡಲೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳ ದೊಡ್ಡಪ್ಪನ ಮಗ ಪುಟ್ಟರಾಜುವಿನ ರೇಡಿಯೊ ರಿಪೇರಿ ಅಂಗಡಿಯಿತ್ತು. ಕೋಟೆ ನೋಡಲು ಬಂದಿದ್ದ ವಿದೇಶಿಯೊಬ್ಬ ಅವನಿಂದ ವಾಕ್‌ಮನ್ ಸರಿಮಾಡಿಸಿಕೊಂಡು, ಖುಷಿಗೆ ಒಂದು ಪಾಪ್ ಪಂಕ್ ಕ್ಯಾಸೆಟ್ ಕೊಟ್ಟುಹೋಗಿದ್ದ. ಮೂರೇ ಮೂರು ಸ್ವರಗುಚ್ಛ, ಓಡುವ ತಾಳ, ನಗುತ್ತಲೇ ಕೂಗುವ ಹಾಡು. ಅದನ್ನು ಕೇಳಿ ಕೇಳಿ ಪುಟ್ಟರಾಜು ಗಿಟಾರ್ ಹಿಡಿದ. ಪಾಂಡವಪುರದಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದ ಗೆಳೆಯ ಸಿದ್ದರಾಜು ಡ್ರಮ್ಮಿಗೆ ಕೂತ. ಹಾಡು ಕಟ್ಟಿ ಹಾಡಲು ಪವಿತ್ರ ಬಂದಳು. ತಂಡಕ್ಕೆ ತಗಡು ಎಂದು ಹೆಸರಿಟ್ಟವನು ಸಿದ್ದರಾಜು.

ತೊಂಬತ್ತಾರರಲ್ಲಿ ಮೊದಲ ಕ್ಯಾಸೆಟ್ಟನ್ನು ಖಾಲಿ ಬಿದ್ದಿದ್ದ ಆಲೆಮನೆಯೊಂದರಲ್ಲಿ ಒಂದೇ ಮಧ್ಯಾಹ್ನ ಮುಗಿಸಿದ್ದರು. ಅದು ಮಂಡ್ಯ, ಮೈಸೂರಿನ ಕಾಲೇಜು ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ಎರಡು ವರ್ಷದ ಮೇಲೆ ಮೈಸೂರಿನ ಕ್ಯಾಸೆಟ್ ಕಂಪನಿಯೊಂದು ಕರೆದು, ಎರಡನೆಯದನ್ನು ನಮ್ಮ ಸ್ಟುಡಿಯೊದಲ್ಲೇ ಮಾಡಿ, ಮೂರು ದಿನ ಕೊಡುತ್ತೇವೆ ಎಂದಿತು. ಪುಟ್ಟರಾಜು ವಾರಗಟ್ಟಲೆ ಬೆರಳು ನೋಯುವಂತೆ ಅಭ್ಯಾಸ ಮಾಡಿದ. ಕೊನೆಯ ದಿನ ಪ್ರತಿ ಹಾಡಿನ ನಡುವೆ ತನ್ನದೊಂದು ಗಿಟಾರ್ ತುಣುಕು ಸೇರಿಸಬೇಕೆಂಬುದು ಅವನ ಆಸೆಯಾಗಿತ್ತು.

ಸ್ಟುಡಿಯೊದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ಕಿಶನ್ ಒಳ್ಳೆಯ ಕೆಲಸಗಾರ, ಮೆದುಮಾತಿನವನು. ಮೊದಲ ಹಾಡಿಗೇ ಗಾಜಿನಾಚೆಯಿಂದ ಕೈಯೆತ್ತಿ ನಿಲ್ಲಿಸಿದ.

"ಮೇಡಂ, 'ಒತ್ತುಟ್ಟೋಕ್ ಮುಂಚೆ ಆಲು' ಅಂದ್ರೆ ಕೇಳೋರಿಗೆ ಗೊತ್ತಾಗಲ್ಲ. 'ಹೊತ್ತು ಹುಟ್ಟುವ ಮುಂಚೆ ಹಾಲು' ಅನ್ನಿ. ಹಕಾರ ಸ್ವಲ್ಪ ನೋಡ್ಕೊಳ್ಳಿ."

ಪವಿತ್ರ ನೋಡಿಕೊಂಡಳು. ಒಂದೊಂದು ಸಾಲನ್ನೂ ಎಂಟು ಹತ್ತು ಸಲ ಹಾಡಿದಳು. ಎರಡನೇ ದಿನ ಸಂಜೆಗೆ ಹನ್ನೊಂದು ಹಾಡೂ ಮುಗಿದವು. ಕಿಶನ್ ಒಂದು ಪ್ರತಿ ಮಾಡಿಕೊಟ್ಟ. ಮೂವರೂ ಶ್ರೀರಂಗಪಟ್ಟಣದ ದೊಡ್ಡಪ್ಪನ ಮನೆಗೆ ಬಂದು, ಅಜ್ಜಿ ದೊಡ್ಡತಾಯಮ್ಮನ ಮುಂದೆ ಟೇಪ್‌ರೆಕಾರ್ಡರ್ ಇಟ್ಟರು. ಅಜ್ಜಿ ಅವರೆಕಾಯಿ ಸುಲಿಯುತ್ತಾ ಎರಡು ಹಾಡು ಕೇಳಿದಳು.

"ಚೆಂದಾಗದೆ ಕನ್ರಪ್ಪ. ಯಾರು ಆಡಿರೋದು?"

"ನಾನೇ ಕನಜ್ಜಿ" ಎಂದಳು ಪವಿತ್ರ.

"ನೀನಾ? ಯಾರೋ ಮೇಷ್ಟ್ರು ಮಗಳು ಅನ್ಕಂಡೆ" ಎಂದು ಅಜ್ಜಿ ನಕ್ಕಳು.

ಸಿದ್ದರಾಜುವೂ ನಕ್ಕ. ಪವಿತ್ರಳಿಗೆ ನಗು ಬರಲಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ಆ ಹಾಡುಗಳನ್ನು ಅವಳು ಡೈರಿಯಲ್ಲಿ ಸಾಲುನಿಂತ ಹೆಂಗಸರ ಮಾತಿನಿಂದ ಕಟ್ಟಿದ್ದಳು. ಈಗ ಅವುಗಳಲ್ಲಿ ಅವರೂ ಇರಲಿಲ್ಲ, ತಾನೂ ಇರಲಿಲ್ಲ. ಪುಟ್ಟರಾಜು ಹುಡುಕಿಕೊಂಡು ಬಂದ.

"ಅಣ್ಣ, ನಾಳೆ ನಾನು ಎಲ್ಲಾ ತಿರ್ಗ ಆಡ್ತೀನಿ."

"ತಲೆ ಕೆಟ್ಟದಾ ಅಮ್ಮಿ? ನಾಳೆ ಒಂದಿನ ಇರೋದು. ನನ್ನ ಗಿಟಾರು?"

ಪವಿತ್ರ ತಲೆ ತಗ್ಗಿಸಿದಳು. "ಗೊತ್ತು ಕನಣ್ಣ. ಅದುಕ್ಕೇ ಕೇಳ್ತಾ ಇವ್ನಿ."

ಮರುದಿನ ಬೆಳಿಗ್ಗೆ ಸ್ಟುಡಿಯೊಗೆ ಬಂದ ಪುಟ್ಟರಾಜು ಗಿಟಾರನ್ನು ಚೀಲದಿಂದ ತೆಗೆಯಲೇ ಇಲ್ಲ. ಕಿಶನ್ ಬಳಿ ಹೋಗಿ, "ಸಾರ್, ಇವತ್ತು ಇವ್ಳು ಆಡ್ಲಿ. ಮಧ್ಯ ನಿಲ್ಲಿಸ್ಬೇಡಿ" ಎಂದು ಹೇಳಿ ಮೂಲೆಯ ಕುರ್ಚಿಯಲ್ಲಿ ಕೂತ.

ಹಿಂದಿನ ಎರಡು ದಿನ ಮುದ್ರಿಸಿದ್ದ ವಾದ್ಯಗಳನ್ನು ಕೇಳಿಕೊಳ್ಳುತ್ತಾ ಪವಿತ್ರ ಹಾಡಿದಳು. ಆಲು ಆಲಾಗಿಯೇ ಇತ್ತು, ಒತ್ತು ಒತ್ತಾಗಿಯೇ ಇತ್ತು. ಒಂಬತ್ತನೇ ಹಾಡಿನಲ್ಲಿ ಗಂಟಲು ಸೀಳಿತು. ಕಿಶನ್ ಇನ್ನೊಂದು ಸಲ ಹಾಡುತ್ತೀರಾ ಎಂದು ಕೇಳಿದ. ಬೇಡವೆಂದಳು. ಸಾಯಂಕಾಲ ಹೆಡ್‌ಫೋನು ತೆಗೆದಿಡುತ್ತಾ ಕಿಶನ್, "ನಾನು ಹೇಳಿದ್ದು ತಪ್ಪಾಯ್ತು ಮೇಡಂ" ಎಂದ.

ಕ್ಯಾಸೆಟ್ ಕಾರ್ತಿಕದಲ್ಲಿ ಅಂಗಡಿಗೆ ಬಂತು. ಮೊದಲನೆಯದರಷ್ಟು ಹೋಗಲಿಲ್ಲ. ಪತ್ರಿಕೆಯೊಂದು ಉಚ್ಚಾರ ಶುದ್ಧಿಯಿಲ್ಲ ಎಂದು ನಾಲ್ಕು ಸಾಲು ಬರೆಯಿತು. ಕಂಪನಿ ಮತ್ತೆ ಕರೆಯಲಿಲ್ಲ. ಪವಿತ್ರಳಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ಪುಟ್ಟರಾಜು ಮಾತು ಕಡಿಮೆ ಮಾಡಿದ್ದು ತಟ್ಟಿತು. ಭಾನುವಾರಗಳಂದು ಬಾರಿಸುತ್ತಿದ್ದ, ಮುಗಿದೊಡನೆ ಬೆಸುಗೆ ಕಡ್ಡಿ ಹಿಡಿದು ಯಾವುದೋ ರೇಡಿಯೊದ ಮೇಲೆ ಬಗ್ಗುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವನೇ ಡೈರಿಯ ಬಾಗಿಲಿಗೆ ಬಂದು ನಿಂತ. ಕ್ಯಾನುಗಳ ನಡುವೆ ಜಾಗ ಮಾಡಿಕೊಂಡು ಒಳಗೆ ಬಂದ.

"ನಾಗಮಂಗಲಕ್ಕೆ ಓಗಿದ್ದೆ. ಬಸ್ನಾಗೆ ಡ್ರೈವರು ನಮ್ದೇ ಕ್ಯಾಸೆಟ್ಟು ಆಕಿದ್ದ. ಇಂದ್ಗಡೆ ಸೀಟ್ನಾಗೆ ಕೂಲಿಯಿಂದ ಬತ್ತಿದ್ದ ಎಂಗಸ್ರು, ನಾಕ್ ಜನ. ಒಂದಕ್ಷರ ಬುಡ್ದಂಗೆ ಆಡ್ತಾವ್ರೆ. ಗಿಟಾರು ಕಮ್ಮಿ ಆಯ್ತು ಅಂತ ಯಾರೂ ಕೇಳ್ನಿಲ್ಲ ಕನಮ್ಮಿ."

"ನಂಗೆ ಕಮ್ಮಿ ಅನ್ಸುತ್ತೆ ಕನಣ್ಣ" ಎಂದಳು ಪವಿತ್ರ. "ದಿನಾ ಅನ್ಸುತ್ತೆ."

ಪುಟ್ಟರಾಜು, "ಸಿದ್ದನ್ಗೆ ಏಳ್ಬುಟ್ಟಿವ್ನಿ. ಭಾನುವಾರ ಮೂರ್ನೇದು ಶುರು ಮಾಡಾಣ. ಮೊದಲು ನಾನು ಬಾರಿಸ್ತೀನಿ, ಅದನ್ನ ಕೇಳ್ಕಂಡು ನೀನು ಆಡು ಕಟ್ಟು" ಎಂದ.

ಅಷ್ಟರಲ್ಲಿ ದಿನವೂ ಡೈರಿಗೆ ಹಾಲು ಹಾಕುವ ಮಾರಮ್ಮ ಚೊಂಬು ಹಿಡಿದು ಬಂದಳು. ಪುಟ್ಟರಾಜು ಪಕ್ಕಕ್ಕೆ ಸರಿದು ದಾರಿ ಬಿಟ್ಟ.