ಪರದೆಯಲ್ಲಿ ಎಡ ಅಂದರೆ ಬಲ

ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಹಚ್ಚಿದರೆ ಸಾಕು, ಪರದೆಯ ನಡುವೆ ಒಂದು ನೀಲಿ ಚೌಕ ಬಂದು ಕೂರುತ್ತಿತ್ತು. ‘ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ. ಹೊಸದಕ್ಕೆ ಬದಲಾಯಿಸಿ.’ ಕೆಳಗೆ ಎರಡು ಗುಂಡಿಗಳು: ‘ಈಗಲೇ’, ‘ಆಮೇಲೆ ನೆನಪಿಸಿ’. ಎರಡು ವರ್ಷದಿಂದ ಅಪ್ಪ ‘ಆಮೇಲೆ ನೆನಪಿಸಿ’ಯನ್ನೇ ಒತ್ತುತ್ತ ಬಂದಿದ್ದರು. ಕಂಪ್ಯೂಟರ್ ಪಾಪ, ಮರುದಿನ ಮರೆಯದೆ ನೆನಪಿಸುತ್ತಿತ್ತು. ಅಷ್ಟು ತಾಳ್ಮೆ ಆ ಅಂಗಡಿಯಲ್ಲಿ ಇನ್ಯಾರಿಗೂ ಇರಲಿಲ್ಲ.

ಅದು ಶೂ ಅಂಗಡಿ. ಹಾಗಂತ ಗಾಜಿನ ಕಪಾಟಿನಲ್ಲಿ ಸಾಲಾಗಿಟ್ಟು ಮಾರುವಂಥದ್ದಲ್ಲ. ಒಂದು ಕಾಲು ಉದ್ದ ಒಂದು ಗಿಡ್ಡ ಇರುವವರು, ಪಾದ ಚಪ್ಪಟೆಯಾದವರು, ಆಪರೇಷನ್ನಿನಲ್ಲಿ ಬೆರಳು ಕಳೆದುಕೊಂಡವರು ಬಂದು ಅಳತೆ ಕೊಟ್ಟು ಮಾಡಿಸಿಕೊಂಡು ಹೋಗುವ ಜಾಗ. ಮುಂದಿನ ಕೋಣೆಯಲ್ಲಿ ಅಳತೆಯ ಕುರ್ಚಿ, ಅದರ ಎದುರಿಗೆ ಒಂದು ಗಿಡ್ಡ ಸ್ಟೂಲು. ನಡುಕೋಣೆಯಲ್ಲಿ ಕಂಪ್ಯೂಟರ್. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಚರ್ಮದ ಸುರುಳಿಗಳು, ಅಂಟಿನ ಡಬ್ಬಿ. ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಅಂಟಿನ ವಾಸನೆಗೆ ತಲೆನೋವು ಬರುತ್ತಿತ್ತು, ಆಮೇಲೆ ರಜೆಯ ದಿನ ಅದಿಲ್ಲದೆ ತಲೆನೋವು ಬರುತ್ತಿತ್ತು.

ಕಟ್ಟಿದವರು ಅಪ್ಪ. ಈಗ ನಡೆಸುವವಳು ಮಗಳು. ಬೀದಿಗೆಲ್ಲ ಅವಳು ಅಳತೆಯಕ್ಕ. ವಯಸ್ಸು ನಲವತ್ತೆರಡು. ಹುಟ್ಟಿದಾಗಿನಿಂದ ಅವಳ ಎಡಗಾಲು ಅರ್ಧ ಬೆರಳಗಲ ಗಿಡ್ಡ. ಎಡ ಶೂವಿನ ಒಳಗೆ ಅಷ್ಟು ಎತ್ತರ ಅಡಗಿಸಿ ಅಪ್ಪನೇ ಮಾಡಿಕೊಡುತ್ತಿದ್ದರಿಂದ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನಡಿಗೆಯಲ್ಲೂ ಎಡವುತ್ತಿರಲಿಲ್ಲ, ಮಾತಿನಲ್ಲಂತೂ ಎಡವಿದ್ದೇ ಇಲ್ಲ. ಯಾವುದನ್ನೇ ಆಗಲಿ ಅವಳು ಕಡ್ಡಿ ಮುರಿದಂತೆ ಹೇಳುವವಳು.

ಆ ಅಂಗಡಿಗೆ ಒಂದು ವಿಶೇಷ ಪದ್ಧತಿ ಇತ್ತು. ಕಂಪ್ಯೂಟರಿನಲ್ಲಿ ‘ಎಡ’ ಎಂದು ಬರೆದಿದ್ದರೆ ಅದು ಬಲಗಾಲು, ‘ಬಲ’ ಎಂದಿದ್ದರೆ ಎಡಗಾಲು. ಅಳೆಯುವವನು ಗಿರಾಕಿಯ ಎದುರು ಕೂರುತ್ತಾನೆ, ಆದ್ದರಿಂದ ಅವನ ಎಡಕ್ಕೆ ಇರುವುದು ಗಿರಾಕಿಯ ಬಲ. ಕನ್ನಡಿಯ ಹಾಗೆ. ಇಪ್ಪತ್ತು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ಅಪ್ಪ ಮಾಡಿದ ನಿಯಮ ಇದು. ಹೊಸದಾಗಿ ಸೇರಿದವರಿಗೆ ಅಳತೆಯಕ್ಕ ಕಲಿಸುತ್ತಿದ್ದ ಮೊದಲ ಪಾಠವೂ ಇದೇ. “ಪರದೇಲಿ ಎಡ ಅಂದ್ರೆ ಬಲ. ಇದು ನಮ್ಮ ಅಪ್ಪನ ಪದ್ಧತಿ,” ಎನ್ನುವಾಗ ಅವಳ ಕತ್ತು ಒಂದಿಷ್ಟು ಮೇಲೇ ಇರುತ್ತಿತ್ತು.

ಆ ತಿಂಗಳು ಆಸ್ಪತ್ರೆಯಿಂದ ಒಂದು ಕಾಗದ ಬಂತು. ರೋಗಿಗಳ ಅಳತೆಯನ್ನು ಇನ್ನು ಮುಂದೆ ನೇರವಾಗಿ ಕಂಪ್ಯೂಟರಿಗೇ ಕಳಿಸುತ್ತೇವೆ, ಒಂದನೇ ತಾರೀಕಿನಿಂದ ಹಳೆಯ ಸಿಸ್ಟಂ ಇರುವವರ ಜೊತೆ ಸಂಪರ್ಕ ಇರುವುದಿಲ್ಲ ಎಂದಿತ್ತು. ಅಳತೆಯಕ್ಕ ಕಾಗದವನ್ನು ಎರಡು ಸಲ ಓದಿ ಮೈದುನನಿಗೆ ಫೋನ್ ಮಾಡಿದಳು. ಗಂಡನ ತಮ್ಮನಾದ ಅವನಿಗೆ ಕಂಪ್ಯೂಟರ್ ರಿಪೇರಿಯೇ ಕಸುಬು.

ಅವನು ಬಂದು ಕಂಪ್ಯೂಟರಿನ ಬೆನ್ನು ಬಿಚ್ಚಿ, ಒಳಗಿನ ಧೂಳನ್ನು ಉಫ್ ಎಂದು ಊದಿ, ಕೆಮ್ಮಿದ.

“ಅತ್ತಿಗೆ, ಇದನ್ನ ರಿಪೇರಿಗೆ ಕೊಡಬೇಡಿ, ಮ್ಯೂಸಿಯಮ್ಮಿಗೆ ಕೊಡಿ.”

“ಹೊಸ ಸಿಸ್ಟಂ ಹಾಕಿದ್ರೆ ನಮ್ಮ ಅಳತೆಗಳ ಗತಿ ಏನು? ಒಂಬೈನೂರು ಜನರದ್ದಿದೆ.”

“ಹಳೇ ಪ್ರೋಗ್ರಾಂ ಅದರಲ್ಲಿ ನಡೆಯಲ್ಲ. ಹೊಸ ಪ್ರೋಗ್ರಾಂ ಹಾಕಿ ಎಲ್ಲಾನೂ ಅದಕ್ಕೆ ದಾಟಿಸ್ತೀನಿ. ಅದು ಪಾದದ ಚಿತ್ರಾನೇ ಬರೆದು ತೋರಿಸುತ್ತೆ. ಎಡ ಅಂದ್ರೆ ಎಡ, ಬಲ ಅಂದ್ರೆ ಬಲ.”

“ನಮ್ಮದು ಉಲ್ಟಾ ಇದೆಯಲ್ಲ.”

“ಎರಡು ಕಾಲಂ ಅದಲುಬದಲು ಮಾಡಿದ್ರಾಯ್ತು. ನೀರು ಕುಡಿದಷ್ಟು ಸುಲಭ.”

ಹಿಂದಿನ ಕೋಣೆಯಿಂದ ಅಪ್ಪನ ಧ್ವನಿ ಬಂತು. “ಏನೂ ಬೇಡ.”

ಅಪ್ಪನಿಗೆ ಎಪ್ಪತ್ತಾರು. ಕಾಲಿನ ಎತ್ತರದಲ್ಲಿ ವ್ಯತ್ಯಾಸ ಇರುವವರ ಶೂಗಳನ್ನು ಇಲ್ಲಿಯವರೆಗೆ ಬೇರೆ ಯಾರ ಕೈಗೂ ಕೊಡದೆ ಅವರೇ ಮಾಡುತ್ತಿದ್ದರು. ಈ ವರ್ಷ ಕೈ ನಡುಗಲು ಶುರುವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಉಳಿಯನ್ನು ಮಗಳಿಗೆ ಒಪ್ಪಿಸಿದ್ದರು. ಬಿಟ್ಟುಕೊಟ್ಟಿದ್ದು ಉಳಿಯನ್ನು ಮಾತ್ರ. ಈಗ ಅವರು ಬಾಗಿಲಲ್ಲಿ ನಿಂತು, ಬ್ಯಾಂಕಿನಲ್ಲಿ ಕಂಡಿದ್ದ ಹೊಸ ಸಿಸ್ಟಮ್ಮಿನ ಮೇಲೆ ಒಂದೊಂದೇ ದೂರು ಹೇಳಿದರು. ಅಕ್ಷರ ಸಣಕಲು. ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಶುರುವಾಗುವಾಗ ಹಳೆಯದರ ಹಾಗೆ ಟೊಂಯ್ ಎನ್ನುವುದಿಲ್ಲ.

“ಅಕ್ಷರ ದಪ್ಪ ಮಾಡಬಹುದು ಮಾವ, ಬಣ್ಣ ಬದಲಾಯಿಸಬಹುದು,” ಎಂದ ಮೈದುನ. “ಟೊಂಯ್ ಬೇಕಾದ್ರೆ ದಿನಾ ಬೆಳಿಗ್ಗೆ ನಾನೇ ಬಂದು ಅಂತೀನಿ.”

ಅಪ್ಪ ನಗಲಿಲ್ಲ. “ಅದಲುಬದಲು ಮಾತ್ರ ಮಾಡಬೇಡಿ. ಹಳೇದೇ ಇರಲಿ.”

“ಭಾನುವಾರ ಹೊಸದು ಹಾಕೋದು,” ಎಂದಳು ಅಳತೆಯಕ್ಕ. “ಆಸ್ಪತ್ರೆಯಿಂದ ಜನ ಬರೋದು ನಿಂತರೆ ಪರದೆ ನೋಡ್ಕೊಂಡು ಕೂರೋಣವಾ? ಮುಗೀತು.”

ಅಪ್ಪ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋದರು. ಮುದುಕರ ಹಟ, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡಳು ಮಗಳು. ಅವಳ ಲೆಕ್ಕಾಚಾರ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. ಈ ಸಲ ತಪ್ಪಿತು.

ಶುಕ್ರವಾರ ಅವಳು ಅಂಚೆಯಮ್ಮನ ಶೂಗೆ ಕೈ ಹಾಕಿದಳು. ಅಂಚೆಯಮ್ಮ ಅಂದರೆ ಮನೆಮನೆಗೆ ಅಂಚೆ ಹಂಚುವ ಹೆಂಗಸು. ಸೊಂಟದ ಆಪರೇಷನ್ ಆಗಿ ಆರು ತಿಂಗಳು ಕಚೇರಿಯ ಮೇಜಿನಲ್ಲಿ ಕೂತು ಸೀಲು ಒತ್ತಿ ಒತ್ತಿ ಬೇಸತ್ತಿದ್ದಳು. ಮುಂದಿನ ಬುಧವಾರದಿಂದ ಮತ್ತೆ ನಡೆದು ಅಂಚೆ ಹಂಚಲು ಡಾಕ್ಟರು ಒಪ್ಪಿದ್ದರು, ಅದೂ ಸರಿಯಾದ ಎತ್ತರದ ಶೂ ಇದ್ದರೆ ಮಾತ್ರ. ಎತ್ತರ ಹೆಚ್ಚುಕಮ್ಮಿಯಾದರೆ ಸೊಂಟ ಮತ್ತೆ ಕೆಡುತ್ತದೆ, ಆಮೇಲೆ ನಡೆಯುವ ಕೆಲಸವನ್ನು ಮರೆತುಬಿಡಿ ಎಂದಿದ್ದರು.

ಪರದೆಯಲ್ಲಿ ಅವಳ ಹೆಸರಿನ ಮುಂದೆ ‘ಗಿಡ್ಡ: ಬಲ’ ಎಂದಿತ್ತು. ಅಂದರೆ ಎಡಗಾಲು. ಅಳತೆಯಕ್ಕ ಎಡ ಶೂಗೆ ಎತ್ತರ ಗುರುತು ಮಾಡಿ, ಚರ್ಮದ ಮೇಲೆ ಉಳಿಯಿಟ್ಟಳು. ಅಷ್ಟರಲ್ಲಿ ಅಟ್ಟೆ ಬದಲಾಯಿಸಲೆಂದು ಅಂಚೆಯಮ್ಮ ಬಿಟ್ಟುಹೋಗಿದ್ದ ಹಳೆಯ ಜೋಡಿ ಕಣ್ಣಿಗೆ ಬಿತ್ತು. ಅಪ್ಪನ ಕೈಕೆಲಸ. ಹೊಲಿಗೆ ಹೇಗೆ ಹಾಕಿದ್ದಾರೆ ನೋಡೋಣವೆಂದು ಎಡ ಶೂ ತೆಗೆದುಕೊಂಡು ಒಳಗೆ ಬೆರಳು ಹಾಕಿದಳು. ಎತ್ತರ ಇರಲಿಲ್ಲ. ಬಲ ಶೂ ತೆಗೆದುಕೊಂಡಳು. ಎತ್ತರ ಅಲ್ಲಿತ್ತು.

ಉಳಿ ಕೆಳಗಿಟ್ಟಳು.

ಅಪ್ಪ ಕಿಟಕಿಯ ಬಳಿ ದಾರಕ್ಕೆ ಮೇಣ ತಿಕ್ಕುತ್ತ ಕೂತಿದ್ದರು.

“ಅಪ್ಪ, ಅಂಚೆಯಮ್ಮನ ಯಾವ ಕಾಲು ಗಿಡ್ಡ?”

“ಬಲಗಾಲು,” ಎಂದರು ಅಪ್ಪ ತಲೆಯೆತ್ತದೆ.

“ಪರದೇಲೂ ಬಲ ಅಂತಾನೇ ಇದೆ.”

ಮೇಣ ತಿಕ್ಕುವ ಕೈ ನಿಂತಿತು.

“ನಮ್ಮಲ್ಲಿ ಬಲ ಅಂದ್ರೆ ಎಡ ಅಲ್ವಾ? ಅದು ನಿಮ್ಮ ಪದ್ಧತಿ ಅಲ್ವಾ?”

ಅಪ್ಪ ದಾರವನ್ನು ಮಡಿಲಲ್ಲಿಟ್ಟರು. “ಅದು ಪದ್ಧತಿ ಅಲ್ಲ ಕಣಮ್ಮ. ತಪ್ಪು.”

ಆಮೇಲೆ ಅವರು ಹೇಳಿದ್ದು ಇಷ್ಟು. ಕಂಪ್ಯೂಟರ್ ಬಂದ ಹೊಸದರಲ್ಲಿ, ಎದುರು ಕೂತು ಅಳೆದು, ತಮ್ಮ ಎಡಗೈ ಕಡೆಯದ್ದನ್ನೆಲ್ಲ ‘ಎಡ’ ಎಂದು ಹಾಕುತ್ತ ಹೋಗಿದ್ದರು. ತಪ್ಪು ಗೊತ್ತಾಗುವ ಹೊತ್ತಿಗೆ ಇನ್ನೂರು ಜನರದ್ದು ಹಾಗೇ ಆಗಿಹೋಗಿತ್ತು. ‘ಇದೇನು ಯಜಮಾನ್ರೇ, ಉಲ್ಟಾ ಇದೆ’ ಎಂದು ಹೊಲಿಗೆಯವನು ಕೇಳಿದಾಗ, ತಪ್ಪಾಯಿತು ಎನ್ನಲು ನಾಲಿಗೆ ಹೊರಳದೆ ‘ಅದು ನಮ್ಮ ಪದ್ಧತಿ’ ಎಂದುಬಿಟ್ಟರು. ಆ ಮಾತು ಅಂಗಡಿಯ ನಿಯಮವಾಯಿತು. ಆದರೆ ಎತ್ತರದ ವ್ಯತ್ಯಾಸ ಇರುವವರ ವಿಷಯದಲ್ಲಿ ಅವರಿಗೆ ಭಯ. ಹೆಚ್ಚುಕಮ್ಮಿಯಾದರೆ ಸೊಂಟ ಹೋಗುತ್ತದೆ. ಅಂಥವರ ಅಳತೆಯನ್ನು ಯಾರಿಗೂ ಹೇಳದೆ ಒಂದೊಂದಾಗಿ ನೆಟ್ಟಗೆ ಮಾಡುತ್ತ ಬಂದರು. ಮಗಳು ನಿಯಮದ ಪ್ರಕಾರ ಹಾಕಿದ ಹೊಸಬರದ್ದು ಕೆಲವು ತಿದ್ದಿದ್ದರು, ಕೆಲವು ತಿದ್ದಿರಲಿಲ್ಲ.

“ಯಾವುದು ನೆಟ್ಟಗಿದೆ, ಯಾವುದು ಉಲ್ಟಾ ಇದೆ ಅಂತ ಗುರುತು ಹಾಕಿದ್ದೀರಾ?”

“ಇಲ್ಲ. ಆ ಶೂ ಎಲ್ಲಾ ನಾನೇ ಮಾಡ್ತಿದ್ದೆನಲ್ಲ. ನನಗೆ ನೆನಪಿರುತ್ತೆ.”

ಅಳತೆಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಎಷ್ಟು ಜನಕ್ಕೆ ಕತ್ತೆತ್ತಿ ಪಾಠ ಮಾಡಿದ್ದಾಳೆ. ಭಾನುವಾರ ಕಾಲಂ ಅದಲುಬದಲಾಗಿದ್ದರೆ ಅಂಚೆಯಮ್ಮನ ಜೊತೆ ಇನ್ನೆಷ್ಟು ಜನರ ಸೊಂಟ ಹೋಗುತ್ತಿತ್ತೋ. ಬದಲಾಯಿಸದೆ ಬಿಟ್ಟಿದ್ದರೂ ಅಂಚೆಯಮ್ಮನದು ಇವತ್ತೇ ಹೋಗುತ್ತಿತ್ತು. ನೀರಿನ ಲೋಟ ಎತ್ತಿ ಪೂರ್ತಿ ಕುಡಿದಳು. ಕುಡಿದು ಮುಗಿಯುವ ಹೊತ್ತಿಗೆ ಏನು ಮಾಡಬೇಕೆಂದು ಅವಳಿಗೆ ಸ್ಪಷ್ಟವಾಗಿತ್ತು.

“ಹೊಸದು ಭಾನುವಾರವೇ ಬರುತ್ತೆ. ಎತ್ತರದ ವ್ಯತ್ಯಾಸ ಇರೋರನ್ನ ಬೇರೆ ಇಟ್ಟು, ಉಳಿದವರದ್ದು ಅದಲುಬದಲು ಮಾಡೋಣ. ನೀವು ನನ್ನ ಮೈದುನನ ಪಕ್ಕ ಕೂತು ಒಬ್ಬೊಬ್ಬರದ್ದೇ ಹೇಳಬೇಕು.”

“ಎಲ್ಲರ ಮುಂದೆ ನನ್ನ ತಪ್ಪು...”

“ಅಪ್ಪ, ಅವರ ಯಾವ ಕಾಲು ಗಿಡ್ಡ ಅನ್ನೋದು ಸರಿಯಾಗಿರೋದು ನಿಮ್ಮ ತಲೇಲಿ ಮಾತ್ರ. ನಿಮ್ಮ ಮರ್ಯಾದೆಗಿಂತ ಅವರ ಸೊಂಟ ದೊಡ್ಡದು.”

ಮಗಳು ಹೋಗಿ, ಅಂಚೆಯಮ್ಮನ ಬಲ ಶೂ ತೆಗೆದುಕೊಂಡು ಗುರುತು ಹಾಕಿದಳು.

ಭಾನುವಾರ ಬೆಳಿಗ್ಗೆ ನೀಲಿ ಚೌಕ ಬಂದಾಗ ಅವಳು ‘ಈಗಲೇ’ ಒತ್ತಿದಳು. ಎರಡು ವರ್ಷ ಕಾದಿದ್ದ ಕಂಪ್ಯೂಟರ್ ತಾನು ಒಂದೂವರೆ ಗಂಟೆ ಕಾಯಿಸಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಷ್ಟನ್ನು ನೋಡಿಯೇ ಮಗಳ ಸಿಟ್ಟು ಅರ್ಧ ಇಳಿಯಿತು.

ಎತ್ತರದ ವ್ಯತ್ಯಾಸ ಇದ್ದವರು ನಲವತ್ತಮೂರು ಜನ. ಮೈದುನ ಕೆಳಗಿನಿಂದ, ಅಂದರೆ ಇತ್ತೀಚಿನವರಿಂದ ಹೆಸರು ಓದುತ್ತ ಬಂದ.

“ಕೊಳಲು ನುಡಿಸೋನು. ಎಡ,” ಎಂದರು ಅಪ್ಪ. “ಅವಳಿ ಅಕ್ಕತಂಗೀರಲ್ಲಿ ದೊಡ್ಡೋಳು, ಬಲ. ಚಿಕ್ಕೋಳಿಗೆ ಏನಿಲ್ಲ, ಬಾಯಿ ಮಾತ್ರ ಉದ್ದ. ಬಸ್ ಡ್ರೈವರು, ಎಡ.”

ಅಳತೆಯಕ್ಕ ಪಕ್ಕದಲ್ಲಿ ನಿಂತು ಒಬ್ಬೊಬ್ಬರಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. “ನಿಮ್ಮ ಯಾವ ಕಾಲು ಗಿಡ್ಡ, ಸ್ವಲ್ಪ ಹೇಳ್ತೀರಾ?” ಎಂದರೆ ಬಸ್ ಡ್ರೈವರು, “ಯಾಕಕ್ಕ, ಬದಲಾಯ್ತಾ?” ಎಂದ. ಆರು ಜನಕ್ಕೆ ಮಾಡಿದಳು. ಆರೂ ಅಪ್ಪ ಹೇಳಿದಂತೆಯೇ ಇತ್ತು. ಏಳನೆಯ ಹೆಸರಿಗೆ ಅವಳು ಫೋನನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತಳು. ಅಪ್ಪ ಅದನ್ನು ನೋಡಿದರು. ಅಲ್ಲಿಂದ ಮುಂದೆ ಅವರ ಧ್ವನಿ ಸ್ವಲ್ಪ ಗಟ್ಟಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ನಲವತ್ತೆರಡು ಮುಗಿಯಿತು. ಮೈದುನ ಕೊನೆಯದನ್ನು, ಅಂದರೆ ಕಂಪ್ಯೂಟರಿಗೆ ಸೇರಿದ ಮೊಟ್ಟಮೊದಲ ಅಳತೆಯನ್ನು ತೆರೆದು ನಕ್ಕ.

“ಅತ್ತಿಗೆ, ಇದು ನೀವು. ನಿಮಗೆ ಬಲಗಾಲು ಗಿಡ್ಡ ಅಂತಿದೆ.”

ಅಪ್ಪ ನಗಲಿಲ್ಲ. ಅಳತೆಯಕ್ಕ ಅವರ ಮುಖ ನೋಡಿ ಮೈದುನನಿಗೆ, “ಹೋಗಿ ಕೈ ತೊಳ್ಕೊಂಡು ಬಾ, ಊಟ ಮಾಡೋಣ,” ಎಂದಳು. ಅವನು ಸೂಕ್ಷ್ಮ ತಿಳಿದು ಎದ್ದು ಹೋದ.

“ಇದನ್ನ ಯಾಕೆ ತಿದ್ದಲಿಲ್ಲ ಅಪ್ಪ?”

“ತಪ್ಪು ಎಲ್ಲಿಂದ ಶುರುವಾಯ್ತು ಅನ್ನೋದು ನನಗೆ ಮರೀಬಾರದು ಅಂತ.” ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಇದನ್ನ ನೋಡ್ಕೊಂಡೇ ನಿನಗೆ ಶೂ ಮಾಡಿದೆ. ಬಲಗಾಲಿಗೆ ಎತ್ತರ ಇಟ್ಟೆ. ನೀನು ಎಂಟು ದಿನ ಅದನ್ನೇ ಹಾಕ್ಕೊಂಡು ಓಡಾಡಿದೆ. ನೀನು ಕುಂಟೋದು ನೋಡಿ, ಹೊಸ ಚರ್ಮ, ಹದಕ್ಕೆ ಬರುತ್ತೆ ಅಂತ ನಾನೇ ಹೇಳಿದೆ. ಒಂಬತ್ತನೇ ದಿನ ಶೂ ಕೈಗೆ ತಗೊಂಡಾಗ ಗೊತ್ತಾಯ್ತು. ಆಗ ನಿನ್ನದೊಂದೇ ತಪ್ಪಿದೆ ಅಂದ್ಕೊಂಡೆ. ಏನೂ ಹೇಳದೆ ಬೇರೆ ಮಾಡಿಕೊಟ್ಟೆ. ಇವತ್ತಿನವರೆಗೂ ಬಾಯಿ ಬರಲಿಲ್ಲ.”

ಅಳತೆಯಕ್ಕ ಪರದೆಯನ್ನು ನೋಡುತ್ತ ಕೂತಳು. ಹಿಂದಿನ ಕೋಣೆಯಲ್ಲಿ ನಲ್ಲಿಯ ನೀರು ಸುರಿಯುವ ಸದ್ದು ಕೇಳುತ್ತಿತ್ತು.

“ನನಗೆ ಮೊದಲನೇ ದಿನವೇ ಗೊತ್ತಾಗಿತ್ತು,” ಎಂದಳು. “ನನ್ನ ಕಾಲು ನನಗೆ ಗೊತ್ತಿರಲ್ವಾ?”

“ಮತ್ತೆ ಯಾಕೆ ಹೇಳಲಿಲ್ಲ?”

“ಕಂಪ್ಯೂಟರ್ ಬಂದಿತ್ತು. ದಿನಾ ಬೆಳಿಗ್ಗೆ ಅದು ಟೊಂಯ್ ಅಂದಾಗ ನೀವು ನಗ್ತಿದ್ರಿ. ಅಮ್ಮ ಹೋದ ಮೇಲೆ ನೀವು ನಕ್ಕಿದ್ದು ಆವಾಗಲೇ. ಕಾಲು ನೋವು ಏನು ಮಹಾ ಅನ್ನಿಸ್ತು.”

ಅಪ್ಪನ ಕಣ್ಣು ತುಂಬಿ ಬಂತು. ಅವರು ಅದನ್ನು ಬಚ್ಚಿಡಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ.

“ಹೇಳಬೇಕಿತ್ತು,” ಎಂದಳು ಮಗಳು. “ನಾನು ಅವತ್ತು ಹೇಳಿದ್ರೆ ಇನ್ನೂರು ಜನರದ್ದು ಉಲ್ಟಾ ಆಗ್ತಿರಲಿಲ್ಲ. ಇದರಲ್ಲಿ ನಂದೂ ಪಾಲಿದೆ. ಈಗ ಬನ್ನಿ, ನನ್ನನ್ನ ಹೊಸದಾಗಿ ಅಳೀರಿ.”

ಅವಳು ಮುಂದಿನ ಕೋಣೆಗೆ ಹೋಗಿ ಅಳತೆಯ ಕುರ್ಚಿಯಲ್ಲಿ ಕೂತು ಶೂ ಬಿಚ್ಚಿದಳು. ಅಪ್ಪ ಅಳತೆಪಟ್ಟಿ ಹಿಡಿದು ಬಂದರು. ಇಷ್ಟು ವರ್ಷ ಎದುರಿಗೇ ಇದ್ದ ಸ್ಟೂಲನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಗ್ಗಿ ಅದನ್ನೆತ್ತಿ ಕುರ್ಚಿಯ ಮಗ್ಗುಲಿಗೆ ಹಾಕಿ, ಮಗಳು ಮುಖ ಮಾಡಿದ್ದ ಕಡೆಗೇ ಮುಖ ಮಾಡಿ ಕೂತರು. ಈಗ ಇಬ್ಬರ ಎಡವೂ ಒಂದೇ ಕಡೆ ಇತ್ತು.

ನಡುಗುವ ಕೈಯಲ್ಲಿ ನಿಧಾನವಾಗಿ ಅಳೆದು, ಎದ್ದು ಹೋಗಿ ಕಂಪ್ಯೂಟರಿನ ಮುಂದೆ ನಿಂತರು. ಕೈ ತೊಳೆದು ಬಂದಿದ್ದ ಮೈದುನ ಸಹಾಯಕ್ಕೆಂದು ಮುಂದೆ ಬಂದವನು, ಅತ್ತಿಗೆ ಕಣ್ಸನ್ನೆ ಮಾಡಿದ್ದು ಕಂಡು ಅಲ್ಲೇ ನಿಂತ.

“ಪುಟ್ಟಿ, ಎಡಗಾಲು ಅಲ್ವಾ?” ಎಂದು ಅಪ್ಪ ನಡುಕೋಣೆಯಿಂದ ಕೇಳಿದರು.

“ಹೌದಪ್ಪ, ಎಡಗಾಲು.”

ಅಪ್ಪ ಒಂದೊಂದೇ ಅಕ್ಷರ ಹುಡುಕಿ ‘ಎಡ’ ಎಂದು ಒತ್ತಿದರು.