ಕುರ್ಚಿಯ ಪಂದ್ಯ

ಪಾಂಪ್ಲೋನಾದ ನಮ್ಮ ಆಸ್ಪತ್ರೆಯಲ್ಲಿ ಎಂಬತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆರಡು ಸಲ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಎಲ್ಲರಿಗೂ ಅಲ್ಲ. ಇದೊಂದು ಅಧ್ಯಯನವಾದ್ದರಿಂದ ಚೀಟಿ ಎತ್ತುತ್ತಾರೆ. ಅರ್ಧ ಜನಕ್ಕೆ ವ್ಯಾಯಾಮ, ಇನ್ನರ್ಧ ಜನಕ್ಕೆ ಬರೀ ಹಾಸಿಗೆ, ಇನ್ಸುಲಿನ್.

ಒಂದೇ ಕೋಣೆಯ ಇಬ್ಬರು ಅಜ್ಜಂದಿರಲ್ಲಿ ಬೋನಿಫಾಸಿಯೋಗೆ ವ್ಯಾಯಾಮ ಬಂತು, ಸತುರ್ನಿನೋಗೆ ಹಾಸಿಗೆ. ಬೋನಿಫಾಸಿಯೋ ದಕ್ಷಿಣದ ಬಯಲಿನಲ್ಲಿ ತರಕಾರಿ ಬೆಳೆದವನು. ತೊಂಬತ್ತೊಂದರ ಸತುರ್ನಿನೋ ಬೆಟ್ಟದ ಕಡೆಯವನು, ಹರೆಯದಲ್ಲಿ ಊರ ಚೌಕದಲ್ಲಿ ನೂರು ಕಿಲೋ ಕಲ್ಲನ್ನು ಹೆಗಲಿಗೇರಿಸಿ ಪಂದ್ಯ ಗೆದ್ದವನು. ಈಗ ಕೈಯೂರದೆ ಕುರ್ಚಿಯಿಂದ ಏಳಲಾರ. ಅವನಿದ್ದದ್ದು ಮಗಳ ಜೊತೆ, ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ. ಮುಂದಿನ ಶುಕ್ರವಾರ ಕೈಯೂರದೆ ಐದು ಸಲ ಎದ್ದು ಕೂತರೆ ಮನೆ, ಇಲ್ಲದಿದ್ದರೆ ವೃದ್ಧಾಶ್ರಮ ಎಂದು ವೈದ್ಯೆ ಅರಾಂಚಾ ಹೇಳಿಬಿಟ್ಟಿದ್ದಳು. ಅವನಿಗೆ ಏನನ್ನೂ ಕಲಿಸುವಂತಿಲ್ಲ ಎಂಬ ನಿಯಮಕ್ಕೆ ನಾನೇ ಸಹಿ ಹಾಕಿದ್ದೆ. ಬೆಳಗಿನ ಸರದಿ ವ್ಯಾಯಾಮದ ಕೋಣೆಯಲ್ಲಿ, ಸಂಜೆಯದು ಹಾಸಿಗೆಯ ಬಳಿ; ಸಂಜೆ ಅವನ ಪಕ್ಕದಲ್ಲೇ ಬೋನಿಫಾಸಿಯೋನನ್ನು ಎಬ್ಬಿಸಿ ಕೂರಿಸುವಾಗ ನಾಚಿಕೆಯಾಗಿ ಪರದೆ ಎಳೆದುಕೊಳ್ಳುತ್ತಿದ್ದೆ.

ಶನಿವಾರ ಬಾಗಿಲ ಹೊರಗಿದ್ದಾಗ ಬೋನಿಫಾಸಿಯೋನ ದನಿ ಕೇಳಿಸಿತು.

"ಅಲ್ಲ ಕಣಯ್ಯಾ, ನೂರು ಕಿಲೋ ಕಲ್ಲೆತ್ತಿದೋನಿಗೆ ತನ್ನ ಕುಂಡಿ ಎತ್ತಕ್ಕಾಗಲ್ವಾ?"

"ಕಲ್ಲಿಗೆ ಬಾಯಿರಲಿಲ್ಲ," ಎಂದ ಸತುರ್ನಿನೋ. "ಪಂದ್ಯಕ್ಕೆ ಏನ್ ಕಟ್ತೀಯ, ಹೇಳು."

ಶುಕ್ರವಾರ ಹೆಚ್ಚು ಸಲ ಎದ್ದವನಿಗೆ ಎಂದು ಬೋನಿಫಾಸಿಯೋ ತನ್ನ ಉಣ್ಣೆ ಟೊಪ್ಪಿಗೆ ಪಣಕ್ಕಿಟ್ಟ. ನಮ್ಮಲ್ಲಿ ಗೆದ್ದವನ ತಲೆಗೆ ಟೊಪ್ಪಿಗೆ ಇಡುವುದು ವಾಡಿಕೆ.

ನಾನು ಒಳಗೆ ಹೋಗಲಿಲ್ಲ. ಅಂದಿನಿಂದ ಆ ಕೋಣೆಯ ಕುರ್ಚಿ ಹೊತ್ತುಹೊತ್ತಿಗೆ ಕಿರುಗುಟ್ಟುತ್ತಿತ್ತು. ಬುಧವಾರದ ಹೊತ್ತಿಗೆ ಸತುರ್ನಿನೋನ ಸಕ್ಕರೆ ಇಳಿಯಿತು. ಮಗಳು ಕದ್ದು ತರುವ ಬಿಸ್ಕತ್ತು ನಿಂತಿರಬೇಕೆಂದು ಅರಾಂಚಾ ಅವಳನ್ನು ಹೊಗಳಿದಳು. ಬಿಸ್ಕತ್ತು ನಿಂತಿರಲಿಲ್ಲ. ಮಗಳು ಸುಮ್ಮನೆ ಹೊಗಳಿಸಿಕೊಂಡಳು.

ಶುಕ್ರವಾರ ಬೋನಿಫಾಸಿಯೋ ಮೊದಲು ಕೂತು ಐದು ಸಲ ಎದ್ದ. ಸತುರ್ನಿನೋ ಎದೆಗೆ ಕೈಕಟ್ಟಿಕೊಂಡು ಐದು ಸಲ ಎದ್ದ, ನಾಲ್ಕನೆಯದಕ್ಕೆ ತೊಡೆ ಗಡಗಡ ನಡುಗಿತು. ಸಾಕು ಎಂದಳು ಅರಾಂಚಾ. ಅವನು ಅವಳ ಮಾತಿಗೆ ಕಿವಿಗೊಡದೆ ಕೂತು ಆರನೆಯ ಸಲವೂ ಎದ್ದ. ಬೋನಿಫಾಸಿಯೋ ಮೊಣಕಾಲು ನೀವಿಕೊಳ್ಳುತ್ತ, ಇನ್ನೊಂದು ನನ್ನಿಂದಾಗದು ಎಂದು ಗೊಣಗಿ, ಟೊಪ್ಪಿಗೆ ತೆಗೆದು ಅವನ ತಲೆಗಿಟ್ಟ.

ಇಬ್ಬರಿಗೂ ಚೆನ್ನಾಗಿ ಕಲಿಸಿದ್ದೀಯ ಎಂದು ಅರಾಂಚಾ ನನ್ನನ್ನು ಮೆಚ್ಚಿದಳು. ಫಲಿತಾಂಶ ಅಳೆಯುವವಳಾದ್ದರಿಂದ ಯಾರಿಗೆ ಯಾವ ಚೀಟಿ ಬಂದಿತ್ತೆಂದು ಅವಳಿಗೆ ತಿಳಿಯಬಾರದಿತ್ತು. ಸತುರ್ನಿನೋಗೆ ಕಲಿಸಿದ್ದು ನಾನಲ್ಲ, ಬೋನಿಫಾಸಿಯೋ ಎಂದು ನಿಜ ಹೇಳಿದೆ. ಅಧ್ಯಯನದ ಪಟ್ಟಿಯಿಂದ ಇಬ್ಬರ ಹೆಸರೂ ಹೋಯಿತು.

"ಅಂದ್ರೆ ನಾನು ಸೋತೆ ಅಂತಾನಾ?" ಸತುರ್ನಿನೋ ಕೇಳಿದ.

ಇಲ್ಲ, ಮನೆಗೆ ಹೋಗಬಹುದು ಅಂತ, ಎಂದೆ.

ಆ ಬೆಳಿಗ್ಗೆ ವ್ಯಾಯಾಮದ ಕೋಣೆಯಲ್ಲಿ ಬೋನಿಫಾಸಿಯೋ ನನ್ನೆದುರು ಹನ್ನೆರಡು ಸಲ ಎದ್ದು ಕೂತಿದ್ದ. ಅದೊಂದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.