ಒಬ್ಬರು ಮಲಗುವ ಟೆಂಟು

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಎಂದಿನಂತೆಯೇ ಬಂತು. ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯವನ ಸ್ಕೂಟರ್ ನಾಲ್ಕಾರು ಸಲ ಕೆಮ್ಮಿ ಹೊರಟಿತು. ಬಸ್ ನಿಲ್ದಾಣದಲ್ಲಿ ಕುಸಿದ ಗಂಡ ಮತ್ತೆ ಏಳಲಿಲ್ಲ ಎಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತೇ ಹೊರತು ಇನ್ನೂ ಒಳಗೆ ಇಳಿದಿರಲಿಲ್ಲ. ಕಣ್ಣಿಂದ ಒಂದು ಹನಿಯೂ ಉದುರಿರಲಿಲ್ಲ. "ಕಲ್ಲೆದೆ ಕಣ್ರೀ" ಎಂದು ಯಾರೋ ಪಿಸುಗುಟ್ಟಿದ್ದು ಮಾತ್ರ ಚೆನ್ನಾಗಿ ಕೇಳಿಸಿತ್ತು.

ಜೊತೆಗೆ ಉಳಿದವರು ಅತ್ತೆ ಒಬ್ಬರೇ. ಮಗನನ್ನು ಕಳೆದುಕೊಂಡ ಆ ಹೆಂಗಸು ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುತ್ತಿದ್ದರು. ಅಡುಗೆಮನೆಯ ಕಪಾಟಿನಲ್ಲಿ, ತೂಕದ ಯಂತ್ರದ ಹಿಂದೆ, ಅವರಿಗೊಂದು ಬೂದು ಬಣ್ಣದ ಚೀಲ ಸಿಕ್ಕಿತು.

"ಇದೇನೇ, ಛತ್ರಿ ಬಟ್ಟೇನಾ? ಹತ್ತಿಯಷ್ಟು ಹಗುರ ಇದೆ. ನೆನೆಹಾಕ್ಲಾ?"

"ಗೊತ್ತಿಲ್ಲ ಅತ್ತೆ. ಅವರು ಏನಾದ್ರೂ ತೂಗ್ತಾನೇ ಇರ್ತಾರೆ."

ಇರ್ತಾರೆ ಎಂದದ್ದನ್ನು ಇಬ್ಬರೂ ತಿದ್ದಲಿಲ್ಲ. ರಜೆ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಬೆಟ್ಟ ಹತ್ತುವುದು ಆ ಗಂಡ ಹೆಂಡಿರ ಹುಚ್ಚು. ಭಾರ ಕಡಿಮೆ ಮಾಡಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿಕೊಂಡಿದ್ದ ಮನುಷ್ಯ ಅವನು.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅವಳು ಎತ್ತಿಕೊಂಡಳು. ಬೆಟ್ಟ ಹತ್ತುವವರ ಚೀಲ, ಟೆಂಟುಗಳನ್ನು ರಿಪೇರಿ ಮಾಡಿ ಮಾರುವ ಹೆಂಗಸು. ಅವನ ಬಾಯಲ್ಲಿ 'ಹೊಲಿಗೆ ಅಕ್ಕ'.

"ಏನ್ ಸಾರ್, ಟೆಂಟು ತಗೊಂಡು ಬೆಟ್ಟಕ್ಕೇ ಓಡಿಹೋದ್ರಾ? ಇಲ್ಲಿ ಇನ್ನೊಬ್ಬರು ಅದೇ ಬೇಕು ಅಂತ ಕೂತಿದ್ದಾರೆ."

"ಅವರು ತೀರಿಕೊಂಡ್ರು ಅಕ್ಕಾ" ಎಂದಳು. ಆ ಮಾತನ್ನು ತನ್ನ ಬಾಯಿಂದಲೇ ಕೇಳಿದ್ದು ಅದೇ ಮೊದಲು.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಅಯ್ಯೋ ದೇವರೇ. ನನ್ನ ಬಾಯಿಗೆ ಬೆಂಕಿ ಬೀಳ."

"ಯಾವ ಟೆಂಟು?"

"ಮನೇಲಿ ಹಾಕಿ ನೋಡಿ ಹೇಳ್ತೀನಿ ಅಂತ ಎರವಲು ತಗೊಂಡಿದ್ರಮ್ಮಾ. ಒಬ್ಬರು ಮಲಗೋದು."

"ಇಬ್ಬರದ್ದಿರಬೇಕು."

"ಇಲ್ಲಮ್ಮಾ. ಒಬ್ಬರದ್ದೇ. ತುಂಬಾ ನೋಡಿ ಆರಿಸಿದ್ರು."

ಫೋನಿಟ್ಟಳು. ಮದುವೆಯಾದಂದಿನಿಂದ ಅವರದು ಒಂದೇ ಟೆಂಟು. ಟೆಂಟಿನ ಬಟ್ಟೆ ಅವನ ಬೆನ್ನಿಗೆ, ಕಂಬ ಗೂಟ ಇವಳ ಬೆನ್ನಿಗೆ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಸೂರಿಲ್ಲ. ಈಗ ನೋಡಿದರೆ, ಇವಳ ಹಂಗಿಲ್ಲದ ಸೂರನ್ನು ಅವನು ಗುಟ್ಟಾಗಿ ತಂದಿಟ್ಟುಕೊಂಡಿದ್ದ. ಅತ್ತೆಯ ಕೈಯಿಂದ ಆ ಬೂದು ಚೀಲವನ್ನು ಕಿತ್ತುಕೊಂಡಳು.

"ನನ್ನನ್ನ ಬಿಟ್ಟು ಹೋಗೋಕೆ ಮೊದಲೇ ತಯಾರಾಗಿದ್ರು ಅತ್ತೆ."

"ಯಾರು, ನನ್ನ ಮಗನಾ? ಹಲ್ಲು ಕೀಳಿಸೋಕೂ ಜೊತೆಗೆ ಜನ ಬೇಕಿತ್ತು ಅವನಿಗೆ. ಸುಮ್ನೆ ಇಲ್ಲದ್ದು ಕಲ್ಪಿಸ್ಕೋಬೇಡ. ಮೊದ್ಲು ಬಿಚ್ಚು, ನೋಡೋಣ."

ಹಾಲಿನಲ್ಲಿ ಬಿಚ್ಚಿದರು. ಒಂದು ದಾರವನ್ನು ಸೋಫಾದ ಕಾಲಿಗೆ, ಇನ್ನೊಂದನ್ನು ಮೇಜಿನ ಕಾಲಿಗೆ ಕಟ್ಟಿದರು. ಅತ್ತೆ ಚೀಲವನ್ನು ಕೊಡವಿ ನೋಡಿದರು.

"ಕಂಬವೇ ಇಲ್ಲವಲ್ಲೇ? ಗಾಳೀಲಿ ಮನೆ ಕಟ್ಟೋಕೆ ಹೊರಟಿದ್ನಾ?"

"ಇಂಥವಕ್ಕೆ ಬೇರೆ ಕಂಬ ಇರಲ್ಲ ಅತ್ತೆ. ನಡೆಯೋವಾಗ ಊರ್ತೀವಲ್ಲ, ಆ ಕೋಲನ್ನೇ ಕಂಬ ಮಾಡ್ಕೊಳ್ಳೋದು. ಅದಕ್ಕೇ ಇಷ್ಟು ಹಗುರ."

ತನ್ನ ಕೋಲನ್ನು ತಂದು ನಡುವೆ ನಿಲ್ಲಿಸಿದಳು. ಬಟ್ಟೆ ಬಿಗಿಯಾಯಿತು. ಒಳಗೆ ತೆವಳಿ ಅಂಗಾತ ಮಲಗಿದಳು. ತಲೆಯ ಕಡೆ ಒಂದು ಗೇಣು ಉಳಿಯಿತು, ಕಾಲಿನ ಕಡೆಯೂ ಒಂದು ಗೇಣು.

"ಉಸಿರಾಡೋಕೆ ಆಗ್ತಿದ್ಯಾ?" ಅತ್ತೆ ಹೊರಗಿಂದ ಬಟ್ಟೆ ತಟ್ಟಿದರು.

ತಲೆಯಾಗಲಿ ಪಾದವಾಗಲಿ ಬಟ್ಟೆಗೆ ತಗುಲಬಾರದು, ತಗುಲಿದರೆ ಬಟ್ಟೆಯೊಳಗೆ ಕಟ್ಟುವ ಹನಿಗೆ ಬೆಳಗಾಗುವಷ್ಟರಲ್ಲಿ ಹೊದಿಕೆ ಒದ್ದೆ ಎಂದು ಕಂಡಕಂಡವರಿಗೆ ಪಾಠ ಹೇಳುತ್ತಿದ್ದವನು ಅವನು. ಬಾಗಿಲಿಗೆಲ್ಲ ತಲೆ ಬಗ್ಗಿಸಿ ನುಗ್ಗುವಷ್ಟು ಉದ್ದದ ಆಳು. ಇದರಲ್ಲಿ ಅವನು ಮೊಣಕಾಲು ಮಡಚದೆ ಮಲಗಲಾರ.

"ಅತ್ತೆ, ಅವರು ಇದ್ರಲ್ಲಿ ಹಿಡಿಸೋದೇ ಇಲ್ಲ."

"ಮತ್ತೆ ಯಾರಿಗೆ?"

ಯಾರಿಗೆ ಎಂಬುದು ತನ್ನ ಮೈಯಳತೆಯಿಂದಲೇ ಗೊತ್ತಾಗಿತ್ತು. ಯಾಕೆ ಎಂಬುದು ಗೊತ್ತಾಗಲಿಲ್ಲ. ಅವನಿಗೆ ತಾನು ಸಾಕಾಗಿಹೋಗಿದ್ದಳೇ? ಒಬ್ಬಳನ್ನೇ ಎತ್ತಲಾದರೂ ಕಳಿಸಿಬಿಡುವ ಯೋಚನೆಯಿತ್ತೇ? ಕೇಳಲು ಅವನಿಲ್ಲ. ಟೆಂಟನ್ನು ಮತ್ತೆ ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ ಹೊರಟಳು.

ಹೊಲಿಗೆ ಅಕ್ಕನ ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಗೋಡೆಯ ತುಂಬ ಪಟ್ಟಿ ಹರಿದ ಚೀಲಗಳು. ಆ ಹೆಂಗಸು ಎದ್ದು ನಿಂತು ಏನೋ ಸಮಾಧಾನ ಹೇಳಲು ಬಾಯಿ ತೆರೆದಳು. ಇವಳು ಅದಕ್ಕೆ ಎಡೆ ಕೊಡಲಿಲ್ಲ.

"ನನಗೆ ಯಾಕೆ ಬೇರೆ ಟೆಂಟು ಅಂತ ಹೇಳಿದ್ರಾ ಅಕ್ಕಾ?"

"ಹೇಳದೆ ಏನು? ಅಂಗಡೀಲಿದ್ದವರೆಲ್ಲ ನಕ್ಕಿದ್ದೇ ನಕ್ಕಿದ್ದು. 'ನನ್ನ ಗೊರಕೆಗೆ ಹೆಂಡ್ತಿ ಗರಗಸ ಅಂತ ಹೆಸರಿಟ್ಟಿದ್ದಾಳೆ. ಬೆಟ್ಟದ ಮೇಲೆ ಒಂದು ದಿನವೂ ಅವಳಿಗೆ ನಿದ್ದೆಯಿಲ್ಲ. ನನ್ನ ಪಕ್ಕದಲ್ಲೇ ಅವಳಿಗೊಂದು ಬೇರೆ ಮನೆ ಮಾಡಿಕೊಡಬೇಕು' ಅಂದ್ರು. ಗಟ್ಟಿಮುಟ್ಟಾದ್ದು ತೋರಿಸಿದೆ. ಭಾರ ಅಂದ್ರು. ಇನ್ನೊಂದು ತೋರಿಸಿದೆ. ಅದೂ ಭಾರ. ಒಬ್ಬರದ್ದು ತಾನೇ ಸಾರ್, ಎಷ್ಟಿದ್ದೀತು ಅಂದೆ. 'ಅವಳ ಬೆನ್ನಿಗೆ ಯಾಕೆ ಹಾಕ್ಲಿ, ಎರಡು ಟೆಂಟನ್ನೂ ಹೊರೋನು ನಾನೇ ಅಲ್ವಾ' ಅಂದ್ರು."

ಇವಳು ಬಾಗಿಲ ಬಳಿ ಪೇರಿಸಿದ್ದ ಚಾಪೆಗಳ ಮೇಲೆ ಕುಳಿತುಬಿಟ್ಟಳು. ಅವನಿಲ್ಲ ಎಂಬುದು ಆಗ ಒಳಗೆ ಇಳಿಯಿತು.

"ಮನೇಲಿ ಈಗ ಸದ್ದೇ ಇಲ್ಲ ಅಕ್ಕಾ" ಎಂದಳು. "ನಿದ್ದೆ ಬರ್ತಿಲ್ಲ."

ಆ ಹೆಂಗಸು ನೀರು ಕೊಟ್ಟಳು. ಪಕ್ಕದಲ್ಲಿ ಕುಳಿತು ಬೆನ್ನಿನ ಮೇಲೆ ಕೈಯಿಟ್ಟಳು. ಫೋನಿನಲ್ಲಿ ಅಂದಂತೆ ಅಮ್ಮಾ ಎನ್ನುವುದನ್ನು ಬಿಟ್ಟು, "ಇದನ್ನ ನೀನೇ ಇಟ್ಕೋ ತಂಗಿ. ಕೇಳಿದವರಿಗೆ ಇಲ್ಲ ಅಂತೀನಿ. ನಿನ್ನ ಅಳತೇದು" ಎಂದಳು.

"ಬೇಡ ಅಕ್ಕಾ. ಪಕ್ಕದಲ್ಲಿ ಇನ್ನೊಂದಿದ್ರೆ ಹಾಕೋ ಟೆಂಟು ಇದು."

ಎದ್ದು, ಚೀಲವನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟಳು. ಆ ಹೆಂಗಸು ಅದನ್ನು ಹಾಗೆಯೇ ಎತ್ತಿಡಲು ಹೋದಾಗ ತಡೆದಳು.

"ಎರವಲು ತಂದದ್ದಲ್ವಾ. ನೋಡಿಯೇ ತಗೊಳ್ಳಿ."

ಹೊಲಿಗೆ ಅಕ್ಕ ಬಟ್ಟೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಬೆರಳಾಡಿಸಿದಳು.

"ಎಲ್ಲ ಸರಿಯಾಗಿದೆ" ಎಂದಳು.